ಹನ್ನೆರಡು ದಿನ, ಎರಡು ದೇಶ, ಒಂದು ಕಾರು: ಯೆಲ್ಲೋಸ್ಟೋನ್ ಬಿಟ್ಟುಬಿಡಿ, ಉಳಿದದ್ದು ಚೆನ್ನಾಗಿ ಆಗುತ್ತದೆ

ಪ್ರಶ್ನೆ: ನಾವು ಸಿಯಾಟಲ್ ಹತ್ತಿರ ಇದ್ದೇವೆ. ನಾನು ಎಚ್-1ಬಿ ಕೆಲಸದ ವೀಸಾದಲ್ಲಿದ್ದೇನೆ, ಹೆಂಡತಿ ನನ್ನ ಅವಲಂಬಿತಳಾಗಿ ಎಚ್-4 ವೀಸಾದಲ್ಲಿ. ಆರು ವರ್ಷದ ಮಗಳು ಇಲ್ಲೇ ಹುಟ್ಟಿದವಳು. ಹಾಸನದಿಂದ ಅಪ್ಪ ಅಮ್ಮ ಜೂನ್‌ನಲ್ಲಿ ಬರುತ್ತಿದ್ದಾರೆ. ಜುಲೈನಲ್ಲಿ 12 ದಿನ ರಜೆ ಹಾಕಿ, ಬಾಡಿಗೆ ಕಾರಿನಲ್ಲಿ ವ್ಯಾಂಕೂವರ್, ಬ್ಯಾಂಫ್, ಜಾಸ್ಪರ್, ಕ್ಯಾಲ್ಗರಿ, ಗ್ಲೇಸಿಯರ್, ಯೆಲ್ಲೋಸ್ಟೋನ್ ಎಲ್ಲ ನೋಡಿಕೊಂಡು ವಾಪಸ್ ಬರುವ ಆಸೆ. ಆಗುತ್ತದಾ? ಅಪ್ಪ ಅಮ್ಮನಿಗೆ ಅಮೆರಿಕದ ವೀಸಾ ಇದೆ, ಕೆನಡಾಕ್ಕೂ ಅದೇ ಸಾಕಾ? ನನ್ನ ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಸ್ಟಾಂಪ್ ಅವಧಿ ಮುಗಿದಿದೆ, ವಾಪಸ್ ಒಳಗೆ ಬಿಡುತ್ತಾರಾ? ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯಲಾರರು. ನನಗೆ ಬೆಟ್ಟದ ರಸ್ತೆಯಲ್ಲಿ ಓಡಿಸಿ ಅಭ್ಯಾಸ ಕಮ್ಮಿ.

ಉತ್ತರ: ನಿಮ್ಮ ಪಟ್ಟಿಯಲ್ಲಿ ಒಂದೇ ಒಂದು ಹೆಸರು ಹೊಡೆದುಹಾಕಿದರೆ ಇದು ಒಳ್ಳೆಯ ಪ್ರವಾಸ. ಆ ಹೆಸರು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ.

ಕಾರಣ ಸರಳ. ಸಿಯಾಟಲ್‌ನಿಂದ ಹೊರಟು ವ್ಯಾಂಕೂವರ್, ಬ್ಯಾಂಫ್, ಜಾಸ್ಪರ್, ಕ್ಯಾಲ್ಗರಿ, ಗಡಿಯ ಕೆನಡಾ ಬದಿಯ ವಾಟರ್‌ಟನ್ ಪಾರ್ಕ್, ಗ್ಲೇಸಿಯರ್ ಸುತ್ತಿ ಸ್ಪೋಕೇನ್ ಮೇಲೆ ಮನೆಗೆ ಬಂದರೆ ಹೆಚ್ಚುಕಮ್ಮಿ 3,000 ಕಿ.ಮೀ. ಆಗುತ್ತದೆ. ಗ್ಲೇಸಿಯರ್‌ನಿಂದ ಯೆಲ್ಲೋಸ್ಟೋನ್‌ಗೆ ಇನ್ನೂ ಸುಮಾರು 640 ಕಿ.ಮೀ. ಇದೆ. ಅಲ್ಲಿಂದ ಸಿಯಾಟಲ್‌ಗೆ ಸುಮಾರು 1,200 ಕಿ.ಮೀ. ಒಳಗೆ ಹೋದ ಮೇಲೆ ಯೆಲ್ಲೋಸ್ಟೋನ್ ತಾನೇ ಮೂರು ದಿನ ಕೇಳುತ್ತದೆ. ಲೆಕ್ಕ ಹಾಕಿದರೆ, ಜಾಸ್ಪರ್‌ನಲ್ಲಿ ಕೂರಬೇಕಾದ ಒಂದು ಸಂಜೆಯನ್ನೂ ಕಾರಿನ ಸೀಟಿನಲ್ಲೇ ಕಳೆಯಬೇಕಾಗುತ್ತದೆ. ಯೆಲ್ಲೋಸ್ಟೋನ್ ಪೂರ್ತಿ ಅಮೆರಿಕದ ಒಳಗಿದೆ. ಅದಕ್ಕೆ ಕೆನಡಾ ವೀಸಾ ಬೇಡ. ಇನ್ನೊಂದು ರಜೆಯಲ್ಲಿ ಹೋಗಬಹುದು. ಅಪ್ಪ ಅಮ್ಮನಿಗೆ ಕೆನಡಾ ವೀಸಾ ಮಾಡಿಸಿ, ಐದು ಜನ ಒಂದೇ ಕಾರಿನಲ್ಲಿ ಗಡಿ ದಾಟುವ ಅವಕಾಶ ಮತ್ತೆ ಮತ್ತೆ ಬರುವುದಿಲ್ಲ.

ಈಗ ಕಾಗದಪತ್ರ. ಹೋಟೆಲ್ ಬುಕ್ ಮಾಡುವ ಮೊದಲು ಇದನ್ನು ಮುಗಿಸಿ. ಇಲ್ಲಿ ಎಡವಿದರೆ ಉಳಿದ ಯೋಜನೆಗೆ ಅರ್ಥವೇ ಇಲ್ಲ.

ಅಮೆರಿಕದ ವೀಸಾ ಇದ್ದರೆ ಕೆನಡಾಕ್ಕೆ ಹೋಗಬಹುದು ಎಂಬ ಮಾತು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತದೆ. ಕೆಲವು ದೇಶದವರಿಗೆ, ಅದೂ ವಿಮಾನದಲ್ಲಿ ಬಂದರೆ, ಅಂಥ ರಿಯಾಯಿತಿ ಇದೆ. ಭಾರತದ ಪಾಸ್‌ಪೋರ್ಟ್‌ಗೆ ಇಲ್ಲ. ಅಮೆರಿಕದ ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ ಕೆನಡಾ ವೀಸಾ ಬೇಡ. ನಿಮ್ಮ ಕಾರಿನಲ್ಲಿ ನಾಲ್ಕು ಜನಕ್ಕೆ ಬೇಕು: ಅಪ್ಪ, ಅಮ್ಮ, ನೀವು, ನಿಮ್ಮ ಪತ್ನಿ. ಮಗಳು ಅಮೆರಿಕದ ಪ್ರಜೆ, ಅವಳಿಗೆ ಬೇಡ. 16 ವರ್ಷದೊಳಗಿನ ಅಮೆರಿಕದ ಮಕ್ಕಳು ರಸ್ತೆಯಲ್ಲಿ ಗಡಿ ದಾಟಲು ಜನನ ಪ್ರಮಾಣಪತ್ರವೂ ನಡೆಯುತ್ತದೆ. ಆದರೂ ಪಾಸ್‌ಪೋರ್ಟ್ ಇಟ್ಟುಕೊಳ್ಳಿ, ಮಾತು ಕಮ್ಮಿಯಾಗುತ್ತದೆ.

ಅಪ್ಪ ಅಮ್ಮ ಇನ್ನೂ ಹಾಸನದಲ್ಲಿದ್ದಾರೆ ಅಲ್ವಾ? ಹಾಗಾದರೆ ಅವರ ಅರ್ಜಿ ಅಲ್ಲಿಂದಲೇ ಹೋಗಲಿ. ಅರ್ಜಿ ಆನ್‌ಲೈನ್, ಬೆರಳಚ್ಚು ಬೆಂಗಳೂರಿನಲ್ಲಿ. ಅರ್ಜಿ ಶುಲ್ಕ ತಲೆಗೆ 100 ಕೆನಡಾ ಡಾಲರ್, ಬೆರಳಚ್ಚಿಗೆ 85. ಮಂಜೂರಾದ ಮೇಲೆ ಸ್ಟಾಂಪ್ ಹಾಕಿಸಲು ಪಾಸ್‌ಪೋರ್ಟನ್ನೇ ಕೊಡಬೇಕು. ಅವರು ಇಲ್ಲಿಗೆ ಬಂದ ಮೇಲೆ ಅರ್ಜಿ ಹಾಕಿದರೆ, ಅಮೆರಿಕದಲ್ಲಿ ಕೂತವರ ಪಾಸ್‌ಪೋರ್ಟ್ ಅಂಚೆಯಲ್ಲಿ ಓಡಾಡುತ್ತಾ ಇರುತ್ತದೆ, ಜುಲೈ ಬಂದುಬಿಡುತ್ತದೆ. ನಿಮ್ಮಿಬ್ಬರ ಬೆರಳಚ್ಚನ್ನು ಅಮೆರಿಕದಲ್ಲೇ, ವಲಸೆ ಇಲಾಖೆಯ ಅರ್ಜಿ ನೆರವು ಕೇಂದ್ರದಲ್ಲಿ ಕೊಡಬಹುದು.

ವಾಪಸ್ ಬರುವಾಗಿನ ಚಿಂತೆ. ನಿಮ್ಮ ಸ್ಟಾಂಪ್ ಮುಗಿದಿದ್ದರೂ ದಾರಿಯಿದೆ. ಅದಕ್ಕೆ ಆಟೋಮ್ಯಾಟಿಕ್ ವೀಸಾ ರೀವ್ಯಾಲಿಡೇಶನ್ ಎನ್ನುತ್ತಾರೆ. ಬರೀ ಕೆನಡಾ ಅಥವಾ ಮೆಕ್ಸಿಕೋಗೆ, 30 ದಿನದೊಳಗೆ ಹೋಗಿ ಬಂದರೆ, ನಿಮ್ಮ ಐ-94 (ಅಮೆರಿಕದಲ್ಲಿ ಯಾವ ದಿನಾಂಕದ ತನಕ ಇರಬಹುದು ಎಂಬ ದಾಖಲೆ) ಅವಧಿ ಇನ್ನೂ ಇದ್ದರೆ, ಮುಗಿದ ಸ್ಟಾಂಪಿನಲ್ಲೇ ಒಳಗೆ ಬರಬಹುದು. ಆದರೆ ಒಂದು ಕೆಲಸ ಮಾತ್ರ ಮಾಡಬಾರದು. 'ಹೇಗೂ ವ್ಯಾಂಕೂವರ್‌ಗೆ ಹೋಗ್ತೀವಲ್ಲ, ಅಲ್ಲೇ ಹೊಸ ಸ್ಟಾಂಪ್ ಹಾಕಿಸೋಣ' ಎಂದು ಅದೇ ಪ್ರವಾಸದಲ್ಲಿ ಅಮೆರಿಕದ ವೀಸಾಕ್ಕೆ ಅರ್ಜಿ ಹಾಕಿದರೆ ಈ ಸೌಲಭ್ಯ ಹೋಯಿತು. ವೀಸಾ ಕೈಗೆ ಬರುವ ತನಕ ಕೆನಡಾದಲ್ಲೇ ಇರಬೇಕು. ವಲಸೆ ಇಲಾಖೆಯ ಮಂಜೂರಾತಿ ಪತ್ರವಾದ ಐ-797ರ ಮೂಲ ಪ್ರತಿ, ಐ-94ರ ಮುದ್ರಿತ ಪ್ರತಿ, ಇತ್ತೀಚಿನ ಎರಡು ಮೂರು ಸಂಬಳದ ಚೀಟಿ ಜೊತೆಗಿರಲಿ. ಹೊರಡುವ ಮೊದಲು ಕಂಪನಿಯ ವಲಸೆ ವಕೀಲರಿಗೆ ಒಂದು ಇಮೇಲ್ ಹಾಕಿ. ನಿಮ್ಮ ಕಡತದಲ್ಲಿ ಏನಾದರೂ ಅರ್ಜಿ ಬಾಕಿ ಇದ್ದರೆ ಅವರಿಗೆ ಗೊತ್ತಿರುತ್ತದೆ.

ಅಪ್ಪ ಅಮ್ಮನ ಐ-94 ವಿಷಯದಲ್ಲಿ ಜನ ಇನ್ನೊಂದು ತಪ್ಪು ತಿಳಿದಿರುತ್ತಾರೆ. ಕೆನಡಾಕ್ಕೆ ಹೋಗಿ ಬಂದರೆ ಮತ್ತೆ ಹೊಸದಾಗಿ ಆರು ತಿಂಗಳು ಸಿಗುತ್ತದೆ ಎಂದು. ಹಾಗೆ ನಂಬಿಕೊಂಡು ವಾಪಸ್ ಟಿಕೆಟ್ ಮುಂದಕ್ಕೆ ಹಾಕಬೇಡಿ. ಮನೆಗೆ ಬಂದ ಮೇಲೆ ಐ-94 ವೆಬ್‌ಸೈಟಿನಲ್ಲಿ ದಿನಾಂಕ ನೋಡಿ, ಅಲ್ಲಿ ಇರುವುದೇ ಲೆಕ್ಕ. ಹಾಗೆಯೇ ಅವರಿಗೆ ಮಾಡಿಸಿರುವ ಪ್ರವಾಸ ಆರೋಗ್ಯ ವಿಮೆ ತೆಗೆದು ಓದಿ. ಬರೀ ಅಮೆರಿಕಕ್ಕೆ ಎಂದು ಬರೆದಿದ್ದರೆ ಕೆನಡಾದ ದಿನಗಳಿಗೆ ಬೇರೆ ಮಾಡಿಸಿ.

ಕಾರಿಗೆ ಬರೋಣ. ಐದು ಜನ, ಅವರ ಪೆಟ್ಟಿಗೆಗಳು, ಮಗಳ ಬೂಸ್ಟರ್ ಸೀಟು. ಏಳು ಸೀಟಿನ ಮಿನಿವ್ಯಾನ್ ತೆಗೆದುಕೊಳ್ಳಿ. ಎಸ್‌ಯುವಿಗಿಂತ ಅಮ್ಮನಿಗೆ ಹತ್ತಿ ಇಳಿಯುವುದು ಸುಲಭ, ಮಂಡಿಗೆ ಅದೇ ಮುಖ್ಯ. ಸಿಯಾಟಲ್‌ನಲ್ಲೇ ತೆಗೆದುಕೊಂಡು ಸಿಯಾಟಲ್‌ನಲ್ಲೇ ಕೊಡಿ. ಒಂದು ದೇಶದಲ್ಲಿ ತೆಗೆದು ಇನ್ನೊಂದು ದೇಶದಲ್ಲಿ ಬಿಟ್ಟರೆ ದುಬಾರಿ ದಂಡ ಬೀಳುತ್ತದೆ, ಎಷ್ಟೋ ಕಡೆ ಒಪ್ಪುವುದೇ ಇಲ್ಲ. ಕೆನಡಾಕ್ಕೆ ಒಯ್ಯುತ್ತೇನೆ ಎಂದು ಬುಕ್ ಮಾಡುವಾಗಲೇ ಹೇಳಿ, ಕರಾರುಪತ್ರದಲ್ಲಿ ಅದು ಇದೆಯಾ ನೋಡಿ. ನಾನು ಒಮ್ಮೆ ಕೌಂಟರಿನಲ್ಲಿದ್ದ ಹುಡುಗ 'ಏನೂ ತೊಂದರೆ ಇಲ್ಲ' ಎಂದಿದ್ದನ್ನು ನಂಬಿ ಹೊರಟೆ. ಕೆನಡಾ ಒಳಗೆ ಹೋದ ಮೇಲೆ ರಾತ್ರಿ ಹೋಟೆಲಿನಲ್ಲಿ ಕಾಗದ ಓದಿದರೆ, ಮೂರೇ ಮೂರು ರಾಜ್ಯದೊಳಗೆ ಓಡಿಸಬೇಕು ಎಂದು ಬರೆದಿತ್ತು. ಆಚೆ ಹೋದರೆ ವಿಮೆ ಇಲ್ಲ. ಐದು ದಿನ ಬೆಟ್ಟ ನೋಡಿದ್ದಕ್ಕಿಂತ ಕನ್ನಡಿ ನೋಡಿದ್ದೇ ಜಾಸ್ತಿ. ನಿಮ್ಮ ಸ್ವಂತ ಕಾರಿನ ವಿಮೆಯ ಮೇಲೆ ಅವಲಂಬಿಸುವುದಾದರೆ, ಕೆನಡಾಕ್ಕೆಂದೇ ಕೊಡುವ ವಿಮಾ ಕಾರ್ಡ್ ಇರುತ್ತದೆ, ಕೇಳಿ ತರಿಸಿಕೊಳ್ಳಿ. ವಾಷಿಂಗ್ಟನ್ ಲೈಸೆನ್ಸ್ ಅಲ್ಲಿ ನಡೆಯುತ್ತದೆ.

ಡಿಕ್ಕಿಯಲ್ಲಿರುವ ತಿಂಡಿಯ ಬಗ್ಗೆಯೂ ಒಂದು ಮಾತು. ಅಮ್ಮ ಬರುವಾಗ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಹಪ್ಪಳ ತಂದೇ ತರುತ್ತಾರೆ. ಗಡಿಯಲ್ಲಿ ಊಟದ ಸಾಮಾನು ಇದೆಯಾ ಎಂದು ಕೇಳಿದರೆ 'ಇದೆ' ಎನ್ನಿ, ಏನಿದೆ ಎಂದು ಹೇಳಿ. ಹೇಳಿದರೆ ಹೆಚ್ಚೆಂದರೆ ಒಂದೆರಡು ಪೊಟ್ಟಣ ತೆಗೆದಿಡುತ್ತಾರೆ. ಮುಚ್ಚಿಟ್ಟರೆ ದಂಡ. ತಾಜಾ ಹಣ್ಣು, ಗಿಡ, ಬೀಜ, ಸೌದೆ ಬೇಡ. ಗಾಂಜಾ ಸೇರಿದ ಯಾವ ವಸ್ತುವೂ ಬೇಡ, ನೋವಿನ ಮುಲಾಮಾದರೂ ಅಷ್ಟೆ. ವಾಷಿಂಗ್ಟನ್ ರಾಜ್ಯದಲ್ಲೂ ಕೆನಡಾದಲ್ಲೂ ಅದು ಕಾನೂನುಬದ್ಧ, ಆದರೆ ಗಡಿ ದಾಟಿಸುವುದು ಅಪರಾಧ. ವೀಸಾದ ಮೇಲಿರುವವರಿಗೆ ಅದರ ಪೆಟ್ಟು ದೊಡ್ಡದು.

ಇನ್ನು ದಾರಿ. ಮೊದಲ ದಿನ ಸಿಯಾಟಲ್‌ನಿಂದ ವ್ಯಾಂಕೂವರ್, 230 ಕಿ.ಮೀ. ಅಷ್ಟೆ. ಐ-5 ನೇರವಾಗಿ ಪೀಸ್ ಆರ್ಚ್ ಗಡಿಗೆ ಹೋಗುತ್ತದೆ. ಅಲ್ಲಿ ಸಾಲು ಉದ್ದ ಇದ್ದರೆ ಪಕ್ಕದಲ್ಲೇ ಪೆಸಿಫಿಕ್ ಹೈವೇ ಗಡಿ, ಸ್ವಲ್ಪ ಪೂರ್ವಕ್ಕೆ ಲಿಂಡನ್, ಇನ್ನೂ ಆಚೆ ಸೂಮಾಸ್ ಇವೆ. ಹೈವೇ ಬದಿಯ ಫಲಕದಲ್ಲಿ ಎಲ್ಲಿ ಎಷ್ಟು ಹೊತ್ತು ಎಂದು ತೋರಿಸುತ್ತಾರೆ. ಶುಕ್ರವಾರ ಸಂಜೆ, ಜುಲೈ 1ರ ಕೆನಡಾ ದಿನ ಮತ್ತು ಜುಲೈ 4ರ ಸುತ್ತಮುತ್ತ ಹೋಗಬೇಡಿ. ಗಡಿ ದಾಟಿದ ತಕ್ಷಣ ಕಾರಿನ ಮೀಟರನ್ನು ಮೈಲಿಯಿಂದ ಕಿಲೋಮೀಟರಿಗೆ ಬದಲಿಸಿ. ಫಲಕದಲ್ಲಿ 90 ಎಂದಿದ್ದರೆ ಅದು ಗಂಟೆಗೆ 56 ಮೈಲಿ. ಬ್ರಿಟಿಷ್ ಕೊಲಂಬಿಯಾದಲ್ಲಿ ಮಿನುಗುವ ಹಸಿರು ದೀಪ ಕಾಣುತ್ತದೆ. 'ಎಡಕ್ಕೆ ತಿರುಗಲು ನಿಮಗೆ ದಾರಿ ಬಿಟ್ಟಿದೆ' ಎಂದು ಅದರ ಅರ್ಥವಲ್ಲ. ನಡೆದು ಹೋಗುವವರು ಗುಂಡಿ ಒತ್ತಿದರೆ ಮಾತ್ರ ಆ ದೀಪ ಕೆಂಪಾಗುತ್ತದೆ ಎಂಬ ಸೂಚನೆ. ಎದುರಿನಿಂದ ಬರುವ ಕಾರಿಗೂ ಹಸಿರೇ ಇರುತ್ತದೆ. ಹೊಸಬರು ಇಲ್ಲೇ ಎಡವುವುದು.

ವ್ಯಾಂಕೂವರ್‌ನಲ್ಲಿ ಎರಡು ರಾತ್ರಿ ಇರಿ. ಸ್ಟಾನ್ಲಿ ಪಾರ್ಕನ್ನು ಕಾರಿನಲ್ಲೇ ಸುತ್ತಬಹುದು, ಅಮ್ಮನಿಗೆ ಬೇಕಾದಲ್ಲಿ ಇಳಿಸಿ. ತೂಗುಸೇತುವೆ ನೋಡಬೇಕೆಂದಿದ್ದರೆ ಕ್ಯಾಪಿಲಾನೊ ಬಲು ಪ್ರಸಿದ್ಧ, 140 ಮೀಟರ್ ಉದ್ದ, ಟಿಕೆಟ್ ಮಾತ್ರ ಜೇಬಿಗೆ ಭಾರ. ಅದೇ ಕಡೆಯ ಲಿನ್ ಕ್ಯಾನಿಯನ್‌ನಲ್ಲಿ ಚಿಕ್ಕ ತೂಗುಸೇತುವೆ ಇದೆ, ಅದಕ್ಕೆ ಟಿಕೆಟ್ಟೇ ಇಲ್ಲ. ನಾನಾದರೆ ಅಲ್ಲಿಗೇ ಹೋಗುತ್ತೇನೆ. ಕೋಲ್ ಹಾರ್ಬರ್ ದಡದಲ್ಲಿ ಕೊಮಗಾಟ ಮಾರು ಸ್ಮಾರಕ ಇದೆ. 1914ರಲ್ಲಿ 376 ಭಾರತೀಯರನ್ನು ಹೊತ್ತು ಬಂದ ಹಡಗನ್ನು ಎರಡು ತಿಂಗಳು ಬಂದರಿನಲ್ಲೇ ನಿಲ್ಲಿಸಿ, ಬಹುತೇಕ ಎಲ್ಲರನ್ನೂ ವಾಪಸ್ ಕಳಿಸಿದರು. ವೀಸಾ ಹಿಡಿದು ಗಡಿ ದಾಟಿದ ಮರುದಿನ ಅಪ್ಪನ ಜೊತೆ ಅಲ್ಲಿ ಐದು ನಿಮಿಷ ನಿಲ್ಲಬಹುದು.

ಮೂರನೇ ದಿನ ಉದ್ದದ ಓಟ. ವ್ಯಾಂಕೂವರ್‌ನಿಂದ ರೆವೆಲ್‌ಸ್ಟೋಕ್, 560 ಕಿ.ಮೀ. ಮೇಲೆ. ಹೋಪ್ ದಾಟಿದ ಮೇಲೆ ಕೋಕಿಹಾಲಾ ಹೈವೇ ಏರುತ್ತದೆ. ಅಗಲ ರಸ್ತೆ, ವೇಗದ ಮಿತಿ ಗಂಟೆಗೆ 120 ಕಿ.ಮೀ. ತನಕ ಇದೆ. ಬೆಟ್ಟದ ರಸ್ತೆ ಎಂದರೆ ನಿಮ್ಮ ಕಣ್ಣಿಗೆ ಶಿರಾಡಿ, ಚಾರ್ಮಾಡಿ ಬರುತ್ತಿರಬಹುದು. ಇವು ಹಾಗಲ್ಲ. ತಿರುವು ದೊಡ್ಡದು, ಏರು ಉದ್ದ. ಕಷ್ಟ ಬರುವುದು ಇಳಿಯುವಾಗ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಆಟೋಮ್ಯಾಟಿಕ್ ಕಾರಿನಲ್ಲೂ ಕೆಳಗಿನ ಗೇರು ಇರುತ್ತದೆ, ಅದಕ್ಕೆ ಹಾಕಿ ಎಂಜಿನ್ನೇ ತಡೆಯಲಿ. ಮನೆಯ ಹತ್ತಿರದ ಯಾವುದಾದರೂ ಇಳಿಜಾರಿನಲ್ಲಿ ಮೊದಲೇ ಒಮ್ಮೆ ಅಭ್ಯಾಸ ಮಾಡಿಕೊಳ್ಳಿ. ಕಾಮ್ಲೂಪ್ಸ್ ಆದ ಮೇಲೆ ಟ್ರಾನ್ಸ್-ಕೆನಡಾ ಹೈವೇ ಎಷ್ಟೋ ಕಡೆ ಎರಡೇ ಲೇನು. ಮುಂದೆ ಲಾರಿ ಇದ್ದರೆ ಇರಲಿ, ಹಿಂದಿಕ್ಕಲು ಬಿಟ್ಟ ಜಾಗ ಬರುತ್ತದೆ. ರೆವೆಲ್‌ಸ್ಟೋಕ್‌ಗೆ ಸ್ವಲ್ಪ ಮೊದಲು ಕ್ರೆಯ್ಗಲಾಕಿ ಎಂಬ ಜಾಗ. 1885ರ ನವೆಂಬರ್ 7ರಂದು ಕೆನಡಾದ ಪೂರ್ವ ಪಶ್ಚಿಮ ಜೋಡಿಸುವ ರೈಲು ಹಳಿಗೆ ಕೊನೆಯ ಮೊಳೆ ಹೊಡೆದದ್ದು ಅಲ್ಲೇ. ಕಾಲು ಚಾಚಲು ಒಳ್ಳೆಯ ಜಾಗ.

ನಾಲ್ಕನೇ ದಿನ ಬೆಳಿಗ್ಗೆ ರೆವೆಲ್‌ಸ್ಟೋಕ್ ಬೆಟ್ಟದ ಮೇಲಕ್ಕೆ ಹೋಗುವ ಮೆಡೋಸ್ ಇನ್ ದ ಸ್ಕೈ ರಸ್ತೆ ಬಿಡಬೇಡಿ. 26 ಕಿ.ಮೀ. ಏರಿದರೆ ಹೂವಿನ ಹುಲ್ಲುಗಾವಲು. ಜುಲೈ ಕೊನೆಯ ಕಡೆ ಹೋದರೆ ಹೂವು ಜಾಸ್ತಿ. ನಡೆಯಲಾರದವರು ಬೆಟ್ಟದ ತುದಿಯ ಹತ್ತಿರ ತನಕ ಹೋಗಬಹುದಾದ ಜಾಗ ಈ ದಾರಿಯಲ್ಲಿ ಕಮ್ಮಿ, ಇದು ಅಂಥದ್ದು. ಆಮೇಲೆ ರಾಜರ್ಸ್ ಪಾಸ್ ಎಂಬ ಬೆಟ್ಟದ ಕಣಿವೆದಾರಿ ದಾಟಿ ಗೋಲ್ಡನ್ ಊರು. ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಹೋಟೆಲು, ಬಸ್ಸಿನ ಸಮಯಕ್ಕೆ ನೆನಪಿರಲಿ. ಮತ್ತೊಂದು ಗೊಂದಲ: ರಾಜರ್ಸ್ ಪಾಸ್ ಇರುವುದು ಗ್ಲೇಸಿಯರ್ ನ್ಯಾಷನಲ್ ಪಾರ್ಕ್‌ನಲ್ಲಿ. ಇದು ಕೆನಡಾದ ಗ್ಲೇಸಿಯರ್. ನಿಮ್ಮ ಪಟ್ಟಿಯಲ್ಲಿರುವುದು ಅಮೆರಿಕದ ಮೊಂಟಾನಾದ ಗ್ಲೇಸಿಯರ್. ಎರಡಕ್ಕೂ ಒಂದೇ ಹೆಸರು. ಮ್ಯಾಪ್‌ನಲ್ಲಿ ಸುಮ್ನೆ ಗ್ಲೇಸಿಯರ್ ಎಂದು ಹಾಕಿದರೆ ಬೇರೆ ದೇಶಕ್ಕೇ ಕರೆದುಕೊಂಡು ಹೋಗಬಹುದು.

ಗೋಲ್ಡನ್‌ನಲ್ಲಿ ಎರಡು ರಾತ್ರಿ ತಂಗಿ. ಲೇಕ್ ಲೂಯಿಸ್ ಒಂದು ಗಂಟೆ ದೂರ. ಜುಲೈನಲ್ಲಿ ಬ್ಯಾಂಫ್ ಊರಿನ ಕೋಣೆಯ ಬೆಲೆ ನೋಡಿದರೆ ಆ ಒಂದು ಗಂಟೆ ಕಷ್ಟವೇ ಅಲ್ಲ ಅನಿಸುತ್ತದೆ. ನಡುವೆ ಯೋಹೋ ಪಾರ್ಕ್. ಎಮರಾಲ್ಡ್ ಲೇಕ್, ಟಕಾಕಾ ಜಲಪಾತ ಎರಡೂ ಅಲ್ಲೇ. ಟಕಾಕಾ ಒಟ್ಟು 373 ಮೀಟರ್ ಎತ್ತರದಿಂದ ಬೀಳುತ್ತದೆ. ಕಾರು ನಿಲ್ಲಿಸುವ ಜಾಗದಿಂದಲೇ ಕಾಣುತ್ತದೆ. ಆದರೆ ಅಲ್ಲಿಗೆ ಹೋಗುವ ರಸ್ತೆಯಲ್ಲಿ ನಿಜವಾದ ಹೇರ್‌ಪಿನ್ ತಿರುವು ಇದೆ. ಮಿನಿವ್ಯಾನಿಗೆ ತೊಂದರೆ ಇಲ್ಲ. ಎದುರಿಗೆ ಬಸ್ಸು ಬಂದರೆ ನೀವು ನಿಂತುಬಿಡಿ.

ಈಗ ಎಲ್ಲರೂ ಕೇಳುವ ಮೊರೇನ್ ಲೇಕ್. ಇಲ್ಲಿಗೆ ಸ್ವಂತ ಕಾರು ಒಯ್ಯಲು ಆಗುವುದಿಲ್ಲ. 2023ರಿಂದ ಆ ರಸ್ತೆ ಖಾಸಗಿ ಕಾರುಗಳಿಗೆ ಮುಚ್ಚಿದೆ. ಲೇಕ್ ಲೂಯಿಸ್‌ನ ಸ್ಕೀ ರೆಸಾರ್ಟಿನಲ್ಲಿ ಕಾರು ಬಿಟ್ಟು ಪಾರ್ಕ್ಸ್ ಕೆನಡಾದ ಶಟಲ್ ಬಸ್ಸಿನಲ್ಲಿ ಹೋಗಬೇಕು. ಒಂದೇ ಟಿಕೆಟ್ಟಿನಲ್ಲಿ ಎರಡೂ ಸರೋವರ ನೋಡಬಹುದು, ನಡುವೆ ಬೇರೆ ಬಸ್ಸು ಓಡುತ್ತದೆ. ಇದರ ಸೀಟುಗಳಲ್ಲಿ ಒಂದಷ್ಟನ್ನು ಏಪ್ರಿಲ್ ಹೊತ್ತಿಗೆ ಬಿಡುತ್ತಾರೆ. ಉಳಿದದ್ದನ್ನು, ಅದೇ ದೊಡ್ಡ ಪಾಲು, ಪ್ರಯಾಣಕ್ಕೆ ಎರಡು ದಿನ ಮೊದಲು ಬೆಳಿಗ್ಗೆ 8 ಗಂಟೆಗೆ ಬಿಡುವ ಪದ್ಧತಿ. ಆ 8 ಗಂಟೆ ಅಲ್ಲಿನ ಮೌಂಟನ್ ಸಮಯ. ನೀವು ಆಗ ವ್ಯಾಂಕೂವರ್ ಕಡೆ ಇದ್ದರೆ ನಿಮಗೆ 7 ಗಂಟೆ. ಎಷ್ಟೋ ಜನ ಒಂದು ಗಂಟೆ ತಡವಾಗಿ ಎದ್ದು, ಸೀಟಿಲ್ಲ ಎಂದು ಬೈಯುತ್ತಾರೆ. ಕಾರಿನಲ್ಲಿ ನೇರ ಲೇಕ್ ಲೂಯಿಸ್ ದಡಕ್ಕೆ ಹೋಗಬಹುದು, ಆದರೆ ಪಾರ್ಕಿಂಗ್‌ಗೆ ದುಡ್ಡು ಬೇರೆ, ಸೂರ್ಯ ಹುಟ್ಟುವ ಹೊತ್ತಿಗೇ ತುಂಬಿರುತ್ತದೆ. ಲೂಯಿಸ್ ದಡದ ದಾರಿ ಸಮತಟ್ಟು, ಅಮ್ಮ ತಮಗೆ ಆದಷ್ಟು ನಡೆದು ಬೆಂಚಿನ ಮೇಲೆ ಕೂರಬಹುದು. ಮೊರೇನ್‌ನಲ್ಲಿ ಫೋಟೋಗಳಲ್ಲಿ ಕಾಣುವ ನೋಟಕ್ಕೆ ಕಲ್ಲುಗುಡ್ಡೆ ಏರಬೇಕು. ಅವರು ಕೆಳಗೇ ಇರಲಿ, ನೀವು ಮಗಳನ್ನು ಕರೆದುಕೊಂಡು ಹತ್ತಿ ಬನ್ನಿ. ನೀರಿನ ಬಣ್ಣ ನೋಡಿ ಮಗಳು 'ಪೇಂಟ್ ಹಾಕಿದ್ದಾರಾ' ಎಂದು ಕೇಳುತ್ತಾಳೆ. ಹಿಮನದಿ ಜಾರುವಾಗ ಬಂಡೆ ಅರೆದು ಹಿಟ್ಟಾಗುತ್ತದೆ, ಆ ನುಣ್ಣನೆ ಹಿಟ್ಟು ನೀರಿನಲ್ಲಿ ತೇಲುತ್ತಾ ಬೆಳಕನ್ನು ಚದುರಿಸುತ್ತದೆ, ಅದಕ್ಕೇ ಆ ಬಣ್ಣ ಎನ್ನಿ.

ಆರನೇ ದಿನ ಐಸ್‌ಫೀಲ್ಡ್ಸ್ ಪಾರ್ಕ್‌ವೇ. ಲೇಕ್ ಲೂಯಿಸ್‌ನಿಂದ ಜಾಸ್ಪರ್‌ಗೆ 232 ಕಿ.ಮೀ. ಮ್ಯಾಪ್ ಮೂರು ಗಂಟೆ ಎನ್ನುತ್ತದೆ. ನೀವು ಬೆಳಿಗ್ಗೆ ಹೊರಟು ಸಂಜೆ ಸೇರಿ. ನಿಮ್ಮ ಪ್ರವಾಸದ ಅತಿ ಒಳ್ಳೆಯ ದಿನ ಇದೇ, ಅದಕ್ಕೇ ಯೆಲ್ಲೋಸ್ಟೋನ್ ಬಿಡಿ ಎಂದು ಮೊದಲೇ ಹೇಳಿದ್ದು. ಲೇಕ್ ಲೂಯಿಸ್‌ನಲ್ಲಿ ಟ್ಯಾಂಕ್ ತುಂಬಿಸಿ. ಮಧ್ಯೆ ಸಸ್ಕ್ಯಾಚವಾನ್ ಕ್ರಾಸಿಂಗ್‌ನಲ್ಲಿ ಒಂದೇ ಒಂದು ಬಂಕ್ ಇದೆ, ಅದೂ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಬೆಲೆಯೂ ಜಾಸ್ತಿ. ಫೋನ್ ಸಿಗ್ನಲ್ ಬಹುಪಾಲು ಇಲ್ಲ. ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ, ಮೊಸರನ್ನ ಡಬ್ಬಿಗೆ ಹಾಕಿಕೊಳ್ಳಿ. ಬೋ ಲೇಕ್ ರಸ್ತೆ ಪಕ್ಕದಲ್ಲೇ ಇದೆ. ಅದಾದ ಮೇಲೆ ಬೋ ಸಮ್ಮಿಟ್, 2,000 ಮೀಟರ್ ಮೇಲೆ, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಅಲ್ಲಿಂದ ಪೇಟೋ ಲೇಕ್ ನೋಡುವ ಕಟ್ಟೆಗೆ ಕಾಲು ಗಂಟೆ ಏರು ದಾರಿ. ಡಾಂಬರು ಹಾಕಿದೆ, ಆದರೆ ಕಡಿದು. ಅಮ್ಮನಿಗೆ ಅದು ಬೇಡ. ಅವರ ಶಕ್ತಿಯನ್ನು ಅಥಾಬಾಸ್ಕಾಕ್ಕೆ ಉಳಿಸಿ.

ಅಥಾಬಾಸ್ಕಾ ಹಿಮನದಿಯ ಮೇಲೆ ದೊಡ್ಡ ಗಾಲಿಯ ಬಸ್ಸು ಹೋಗುತ್ತದೆ. ಟಿಕೆಟ್ ದುಬಾರಿ. ಪ್ರವಾಸಿಗರ ಆಟ ಎಂದು ಮೂಗು ಮುರಿಯುವವರೂ ಇದ್ದಾರೆ. ನಿಮ್ಮ ಗುಂಪಿಗೆ ಮಾತ್ರ ಅದು ಬೇಕೇ ಬೇಕು. ಎಪ್ಪತ್ತು ಹತ್ತಿರವಾದ ಮಂಡಿಗಳು ಹಿಮನದಿಯ ಮೇಲೆ ನಿಲ್ಲಲು ಬೇರೆ ದಾರಿ ಇಲ್ಲ. ಬದಿಯಲ್ಲಿ ವರ್ಷಗಳ ಫಲಕ ನೆಟ್ಟಿದ್ದಾರೆ, ಆಯಾ ವರ್ಷ ಹಿಮ ಎಲ್ಲಿಯ ತನಕ ಇತ್ತು ಎಂದು. ಸುಮಾರು 125 ವರ್ಷದಲ್ಲಿ ಒಂದೂವರೆ ಕಿ.ಮೀ.ಗಿಂತ ಹೆಚ್ಚು ಹಿಂದಕ್ಕೆ ಸರಿದಿದೆ. ಮೇಲಿನ ಕೊಲಂಬಿಯಾ ಹಿಮಕ್ಷೇತ್ರದ ನೀರು ಮೂರು ಕಡೆಗೆ ಹರಿಯುತ್ತದೆ: ಪೆಸಿಫಿಕ್, ಆರ್ಕ್ಟಿಕ್, ಮತ್ತೆ ಹಡ್ಸನ್ ಕೊಲ್ಲಿಯ ಮೂಲಕ ಅಟ್ಲಾಂಟಿಕ್. ಹಿಮನದಿಯ ತುದಿಯಲ್ಲಿ ಹಗ್ಗ ಕಟ್ಟಿದ ಜಾಗದಾಚೆ ಯಾರೂ ಕಾಲಿಡಬೇಡಿ. ಮೇಲೆ ಹಿಮ, ಕೆಳಗೆ ಬಿರುಕು. ಜುಲೈನಲ್ಲೂ ಅಲ್ಲಿ ಗಾಳಿ ಕೊರೆಯುತ್ತದೆ, ಅಮ್ಮನಿಗೆ ಸ್ವೆಟರ್ ಮೇಲೊಂದು ಜಾಕೆಟ್ ಇರಲಿ.

ಜಾಸ್ಪರ್ ಬಗ್ಗೆ ಹಳೆಯ ಬ್ಲಾಗ್ ಓದಿಕೊಂಡು ಹೋಗಬೇಡಿ. 2024ರ ಜುಲೈನಲ್ಲಿ ಕಾಡ್ಗಿಚ್ಚು ಊರಿಗೇ ನುಗ್ಗಿತು, ಕಟ್ಟಡಗಳಲ್ಲಿ ಸುಮಾರು ಮೂರನೇ ಒಂದು ಪಾಲು ಸುಟ್ಟುಹೋಯಿತು. ಊರು ಮತ್ತೆ ಎದ್ದು ನಿಲ್ಲುತ್ತಿದೆ, ಪ್ರವಾಸಿಗರು ಬರಲಿ ಎಂದೇ ಅಲ್ಲಿಯವರು ಕೇಳುತ್ತಾರೆ. ಆದರೆ ಕೋಣೆಗಳು ಕಮ್ಮಿ, ಜನವರಿಯಲ್ಲೇ ಬುಕ್ ಮಾಡುವುದು ಒಳ್ಳೆಯದು. ಕಪ್ಪಗೆ ನಿಂತ ಮರಗಳನ್ನು ನೋಡಲು ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮರುದಿನ ಮಲೀನ್ ಲೇಕ್‌ಗೆ ಹೋಗಿ, 22 ಕಿ.ಮೀ. ಉದ್ದದ ಸರೋವರ. ದೋಣಿಯಲ್ಲಿ ಕೂತು ಸ್ಪಿರಿಟ್ ದ್ವೀಪದ ತನಕ ಹೋಗಿ ಬರಬಹುದು, ನಡಿಗೆ ಅಷ್ಟಾಗಿ ಇಲ್ಲ.

ಎಂಟನೇ ದಿನ ಅದೇ ಪಾರ್ಕ್‌ವೇಯಲ್ಲಿ ವಾಪಸ್. ಬೇಜಾರಾಗುವುದಿಲ್ಲ. ಬೆಟ್ಟಗಳು ಎದುರು ದಿಕ್ಕಿನಿಂದ ಬೇರೆಯೇ. ಹೋಗುವಾಗ ಮೋಡ ಮುಚ್ಚಿದ್ದರೆ ಬರುವಾಗ ಇನ್ನೊಂದು ಅವಕಾಶವೂ ಸಿಗುತ್ತದೆ. ಕ್ಯಾನ್‌ಮೋರ್‌ನಲ್ಲಿ ತಂಗಿ, ಅದು ಪಾರ್ಕಿನ ಹೊರಗೆ, ಬ್ಯಾಂಫ್‌ನಿಂದ ಕಾಲು ಗಂಟೆ ಚಿಲ್ಲರೆ. ಸಂಜೆ ಬ್ಯಾಂಫ್‌ನ ಅಪ್ಪರ್ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಅಮ್ಮ ಬಿಸಿನೀರಿಗೆ ಇಳಿಯಲಿ, ಎಂಟು ದಿನದ ಕಾರಿನ ಮೈನೋವು ಹೋಗುತ್ತದೆ. ಕೆನಡಾದ ಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದೇ ಇಂಥ ಒಂದು ಬಿಸಿನೀರಿನ ಬುಗ್ಗೆಯಿಂದ. 1883ರಲ್ಲಿ ಮೂವರು ರೈಲ್ವೆ ಕೆಲಸಗಾರರ ಕಣ್ಣಿಗೆ ಬಿದ್ದ ಬುಗ್ಗೆ ಯಾರದು ಎಂಬ ಜಗಳ ಜೋರಾಗಿ, 1885ರಲ್ಲಿ ಸರ್ಕಾರವೇ ಆ ಜಾಗ ತನ್ನದು ಮಾಡಿಕೊಂಡಿತು. ಹೆದ್ದಾರಿಯ ಮೇಲೆ ಮರ ಬೆಳೆಸಿದ ಸೇತುವೆಗಳು ಕಾಣುತ್ತವೆ, ಅವು ಪ್ರಾಣಿಗಳಿಗೆ. ಬ್ಯಾಂಫ್ ಒಳಗೆ ಅಂಥ ಮೇಲ್ಸೇತುವೆ 6, ಕೆಳದಾರಿ 38 ಇವೆ. ಅವು ಮತ್ತು ಬೇಲಿ ಬಂದ ಮೇಲೆ ಪ್ರಾಣಿಗಳಿಗೆ ಗಾಡಿ ಗುದ್ದುವುದು ಶೇ. 80ಕ್ಕಿಂತ ಹೆಚ್ಚು ಕಮ್ಮಿಯಾಗಿದೆ.

ಕ್ಯಾಲ್ಗರಿಯಲ್ಲಿ ರಾತ್ರಿ ತಂಗುವುದು ಬೇಡ, ಊಟಕ್ಕೆ ನಿಂತರೆ ಸಾಕು. ಜುಲೈ ಮೊದಲ ಭಾಗದಲ್ಲಿ ಸ್ಟಾಂಪೀಡ್ ಉತ್ಸವದ ಹತ್ತು ದಿನ ಹೋಟೆಲ್ ಬೆಲೆ ಮುಗಿಲಿಗೆ ಏರುತ್ತದೆ. ಸರಕು ತುಂಬಿಸಿಕೊಂಡು ದಕ್ಷಿಣಕ್ಕೆ ಇಳಿಯಿರಿ. ಫೋರ್ಟ್ ಮೆಕ್ಲಾಯ್ಡ್ ಹತ್ತಿರ ಹೆಡ್-ಸ್ಮ್ಯಾಶ್ಡ್-ಇನ್ ಬಫಲೋ ಜಂಪ್ ಇದೆ. ಮೂಲನಿವಾಸಿಗಳು ಕಾಡೆಮ್ಮೆಯ ಹಿಂಡನ್ನು ಓಡಿಸಿ ಬಂಡೆಯಿಂದ ಕೆಡವಿ ಬೇಟೆಯಾಡುತ್ತಿದ್ದ ಜಾಗ, ಸುಮಾರು 6,000 ವರ್ಷದ ಹಳೆಯ ಕಥೆ. ಆ ರಾತ್ರಿ ವಾಟರ್‌ಟನ್.

ಹತ್ತನೇ ದಿನ ಗಡಿ. ವಾಟರ್‌ಟನ್‌ನಿಂದ ಗ್ಲೇಸಿಯರ್‌ಗೆ ಚೀಫ್ ಮೌಂಟನ್ ಗಡಿ ಹತ್ತಿರದ ದಾರಿ. ಇದು ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತದೆ, ರಾತ್ರಿ ಮುಚ್ಚುತ್ತಾರೆ. ತಪ್ಪಿದರೆ ಪೂರ್ವಕ್ಕೆ ಹೋಗಿ ಕಾರ್ವೇ ಗಡಿ ಹಿಡಿಯಬೇಕು. ನಿಮ್ಮ ಸ್ಟಾಂಪ್ ಮುಗಿದಿರುವ ಕಾರಣ ಒಳಗೆ ಕೂರಿಸಿ ಕಾಗದ ನೋಡಬಹುದು, ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ. ಈ ಎರಡು ಪಾರ್ಕ್‌ಗಳನ್ನು 1932ರಲ್ಲಿ ಸೇರಿಸಿ ಶಾಂತಿ ಉದ್ಯಾನ ಎಂದು ಹೆಸರಿಟ್ಟರು, ಜಗತ್ತಿನಲ್ಲಿ ಅದೇ ಮೊದಲು. ಟಿಕೆಟ್ ಮಾತ್ರ ಬೇರೆ ಬೇರೆ.

ಟಿಕೆಟ್ ವಿಷಯ ಇಲ್ಲೇ ಮುಗಿಸುತ್ತೇನೆ. ಕೆನಡಾದಲ್ಲಿ ಕುಟುಂಬದ ಡಿಸ್ಕವರಿ ಪಾಸ್ ಒಂದು ಕಾರಿನ ಏಳು ಜನಕ್ಕೆ ನಡೆಯುತ್ತದೆ. ರೆವೆಲ್‌ಸ್ಟೋಕ್‌ನಿಂದ ವಾಟರ್‌ಟನ್ ತನಕ ಎಲ್ಲ ಪಾರ್ಕಿಗೂ ಅದೊಂದೇ ಸಾಕು. 17 ವರ್ಷದ ತನಕ ಮಕ್ಕಳಿಗೆ ಪ್ರವೇಶ ಉಚಿತ. ಅಮೆರಿಕದಲ್ಲಿ 2026ರ ಜನವರಿಯಿಂದ ಲೆಕ್ಕ ಬದಲಾಗಿದೆ. ಅಮೆರಿಕದ ನಿವಾಸಿಗಳಲ್ಲದ, 16 ವರ್ಷ ತುಂಬಿದವರಿಗೆ ಗ್ಲೇಸಿಯರ್ ಸೇರಿ 11 ಪಾರ್ಕ್‌ಗಳಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ. ವಾರ್ಷಿಕ ಪಾಸ್ ನಿವಾಸಿಗಳಿಗೆ 80, ಹೊರಗಿನವರಿಗೆ 250 ಡಾಲರ್. ನಿಮ್ಮ ಬಳಿ ಇಲ್ಲಿನ ಲೈಸೆನ್ಸ್ ಇದೆ, ಅಪ್ಪ ಅಮ್ಮನ ಬಳಿ ಇಲ್ಲ. ಯಾವ ಪಾಸ್ ಕೊಂಡರೆ ಲಾಭ ಎಂದು ಪಾರ್ಕಿನ ವೆಬ್‌ಸೈಟ್ ನೋಡಿಯೇ ತೀರ್ಮಾನಿಸಿ.

ಗೋಯಿಂಗ್-ಟು-ದ-ಸನ್ ರಸ್ತೆ ಸುಮಾರು 80 ಕಿ.ಮೀ., ನಡುವೆ 2,026 ಮೀಟರ್ ಎತ್ತರದ ಲೋಗನ್ ಪಾಸ್. ನಿಮಗೆ ಭಯ ಇರುವುದು ಇದರ ಬಗ್ಗೆಯೇ ಇರಬೇಕು. ನಿಮ್ಮ ಅದೃಷ್ಟ, ನೀವು ಪೂರ್ವದ ಸೇಂಟ್ ಮೇರಿಯಿಂದ ಪಶ್ಚಿಮಕ್ಕೆ ಹೋಗುತ್ತಿದ್ದೀರಿ. ಪಾಸ್ ದಾಟಿದ ಮೇಲೆ ಬರುವ ಕಡಿದಾದ ಗಾರ್ಡನ್ ವಾಲ್ ಭಾಗದಲ್ಲಿ ನಿಮ್ಮ ಲೇನು ಬಂಡೆಗೆ ಅಂಟಿಕೊಂಡು ಹೋಗುತ್ತದೆ, ಪ್ರಪಾತದ ಬದಿ ಎದುರಿನಿಂದ ಬರುವವರದು. ಅಷ್ಟಾದರೂ ಬೇಡ ಎನಿಸಿದರೆ 1930ರ ದಶಕದ ಕೆಂಪು ಬಸ್ಸುಗಳು ಇನ್ನೂ ಓಡುತ್ತವೆ, ಮೇಲಿನ ಕ್ಯಾನ್ವಾಸ್ ಸುತ್ತಿಟ್ಟು ಆಕಾಶ ತೋರಿಸುತ್ತಾರೆ. 21 ಅಡಿಗಿಂತ ಉದ್ದದ ಗಾಡಿ ಮೇಲಿನ ಭಾಗಕ್ಕೆ ಬಿಡುವುದಿಲ್ಲ, ಮಿನಿವ್ಯಾನ್ ಅದಕ್ಕಿಂತ ಚಿಕ್ಕದು. ಹಿಮ ತೆಗೆದು ರಸ್ತೆ ಪೂರ್ತಿ ತೆರೆಯುವುದು ಕೆಲವು ವರ್ಷ ಜೂನ್ ಕೊನೆಗೆ, ಕೆಲವು ವರ್ಷ ಜುಲೈ ಮಧ್ಯಕ್ಕೆ. ಅದಕ್ಕೇ ರಜೆಯನ್ನು ಜುಲೈ ಎರಡನೇ ವಾರದ ನಂತರ ಇಟ್ಟುಕೊಳ್ಳಿ. ಕಾರಿಗೆ ಮುಂಗಡ ಬುಕಿಂಗ್, ಪಾರ್ಕಿಂಗ್ ನಿಯಮಗಳು 2021ರಿಂದ ವರ್ಷಕ್ಕೊಂದು ರೀತಿ ಬದಲಾಗುತ್ತಿವೆ, ಮೇ ತಿಂಗಳಲ್ಲಿ ಒಮ್ಮೆ ನೋಡಿ.

ಜುಲೈ ಕೊನೆಗೆ ಹೋದಷ್ಟೂ ಕಾಡ್ಗಿಚ್ಚಿನ ಹೊಗೆಯ ಭಯವೂ ಹೆಚ್ಚು. ಪ್ರತಿದಿನ ಬೆಳಿಗ್ಗೆ ರಸ್ತೆಯ ಸ್ಥಿತಿ ತಿಳಿಸುವ ವೆಬ್‌ಸೈಟುಗಳನ್ನು, ಬ್ರಿಟಿಷ್ ಕೊಲಂಬಿಯಾದಲ್ಲಿ ಡ್ರೈವ್‌ಬಿಸಿ, ಆಲ್ಬರ್ಟಾದಲ್ಲಿ 511, ನೋಡಿ ಹೊರಡಿ. ರದ್ದು ಮಾಡಬಹುದಾದ ಕೋಣೆಗಳನ್ನೇ ಬುಕ್ ಮಾಡಿ, ನಾಲ್ಕು ಕಾಸು ಜಾಸ್ತಿಯಾದರೂ ಸರಿ.

ಹನ್ನೊಂದನೇ ದಿನ ಸ್ಪೋಕೇನ್ ತನಕ, ಹನ್ನೆರಡಕ್ಕೆ ಸಿಯಾಟಲ್, ಕೊನೆಯ ದಿನ 450 ಕಿ.ಮೀ. ಹೈವೇ. ಇದರ ಬಗ್ಗೆ ಹೇಳಲು ಏನೂ ಇಲ್ಲ, ಮಗಳಿಗೆ ಟ್ಯಾಬ್ಲೆಟ್ ಕೊಡಿ.

ಕೇಳದಿದ್ದರೂ ಅಪ್ಪ ಕೇಳೇ ಕೇಳುತ್ತಾರೆ, ಕರಡಿ ಕಾಣುತ್ತದಾ ಎಂದು. ಕಾಣುವ ಸಾಧ್ಯತೆ ಚೆನ್ನಾಗಿದೆ, ಅದೂ ರಸ್ತೆ ಬದಿಯಲ್ಲೇ, ಬೆಳಿಗ್ಗೆ ಅಥವಾ ಮುಸ್ಸಂಜೆ. ಕಂಡರೆ ಯಾರೂ ಇಳಿಯಬಾರದು. ಕೆನಡಾದಲ್ಲಿ ಕರಡಿಯಿಂದ 100 ಮೀಟರ್, ಜಿಂಕೆ ಜಾತಿಯ ಎಲ್ಕ್‌ನಿಂದ 30 ಮೀಟರ್ ದೂರ ಇರಬೇಕು. ಅಮೆರಿಕದಲ್ಲಿ ಇದೇ ಲೆಕ್ಕ 100 ಗಜ, 25 ಗಜ. ಕರಡಿ ಸ್ಪ್ರೇ ಒಂದು ಡಬ್ಬಿ ಕೊಳ್ಳಿ. ಪ್ರಾಣಿಗಳಿಗೆಂದೇ ಮುದ್ರಿಸಿರುವ ಡಬ್ಬಿಯನ್ನು ಕೆನಡಾಕ್ಕೆ ಒಯ್ಯಬಹುದು, ಮನುಷ್ಯರ ಮೇಲೆ ಹೊಡೆಯುವ ಪೆಪ್ಪರ್ ಸ್ಪ್ರೇ ಒಯ್ಯುವಂತಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಇಡಬೇಡಿ, ಒಡೆದರೆ ಐದೂ ಜನ ಕಣ್ಣುಜ್ಜಿಕೊಂಡು ರಸ್ತೆ ಬದಿಯಲ್ಲಿ ನಿಂತಿರುತ್ತೀರಿ. ಮತ್ತೆ ರಾತ್ರಿ ಹೊತ್ತು ಚಟ್ನಿಪುಡಿ ಡಬ್ಬಿ ಕಾರಿನಲ್ಲಿ ಬಿಡಬೇಡಿ, ಕೋಣೆಗೆ ತೆಗೆದುಕೊಂಡು ಹೋಗಿ. ಕರಡಿಯ ಮೂಗು ನಾಯಿಯದಕ್ಕಿಂತ ಚುರುಕು.